ಟ್ವೈಲಾಳ ಬುಧವಾರಗಳು

ನಮ್ಮೂರು ಮಿಲ್ ಹಾಲೋದಲ್ಲಿ ಟ್ವೈಲಾ ರಪ್ ಬಗ್ಗೆ ಎರಡು ಮಾತಿಗೆ ಯಾರದೂ ತಕರಾರಿರಲಿಲ್ಲ. ಮೂವತ್ತು ವರ್ಷ ಶಾಲೆಯ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸಿಯೂ ಅವಳು ಒಂದು ಕನ್ನಡಿ ಒಡೆದವಳಲ್ಲ. ಇನ್ನೂರು ಗಜ ದೂರದ ಜಿಂಕೆಗೆ ಅವಳು ಎರಡನೇ ಗುಂಡು ಖರ್ಚು ಮಾಡಿದ್ದನ್ನು ಕಂಡವರೂ ಇಲ್ಲ. ನಾನು ಒಂಬತ್ತನೇ ನಂಬರಿನ ಬಸ್ಸಿನವನು. ಕನ್ನಡಿಗಳ ವಿಷಯ ನನ್ನ ಹತ್ತಿರ ಕೇಳಬೇಡಿ.

ಪೆನ್ಸಿಲ್ವೇನಿಯಾದ ಈ ಭಾಗದಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರ ಶಾಲೆಗೆ ರಜೆ. ಕ್ಯಾಲೆಂಡರಿನಲ್ಲಿ ಏನೇ ಬರೆದಿರಲಿ, ಅದು ಜಿಂಕೆ ಬೇಟೆಯ ರಜೆ. ಮೇಷ್ಟ್ರುಗಳೇ ಕಾಡಿನಲ್ಲಿದ್ದರೆ ಪಾಠ ಮಾಡುವವರು ಯಾರು? ಹನ್ನೆರಡನೇ ವಯಸ್ಸಿನಿಂದ ಐವತ್ತೆಂಟರವರೆಗೆ ಟ್ವೈಲಾ ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ. ಮೊದಲು ಅಪ್ಪನ ಜೊತೆ, ಆಮೇಲೆ ಗಂಡ ಡ್ವೇನ್ ಜೊತೆ, ಅವನು ತೀರಿಕೊಂಡ ಮೇಲೆ ನನ್ನ ಜೊತೆ ಹೋಗುತ್ತಿದ್ದಳು.

ಆ ಸೋಮವಾರಕ್ಕಿಂತ ದೊಡ್ಡದು ಅವಳಿಗೆ ಒಂದೇ ಇತ್ತು, ವಾರವಾರದ ಬುಧವಾರ. ಮಗ ಟ್ರೆಂಟ್‌ಗೆ ಮರದ ಮಿಲ್ಲಿನಲ್ಲಿ ಕೆಲಸ. ಸೊಸೆ ಕೊರಿನ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ, ಬುಧವಾರ ಅವಳಿಗೆ ರಾತ್ರಿಯವರೆಗೂ ಡ್ಯೂಟಿ. ಹಾಗಾಗಿ ಅವರ ಏಳು ವರ್ಷದ ಮಗಳು ಜೂನಿ ಆವತ್ತು ಎಲ್ಲ ಮಕ್ಕಳೂ ಇಳಿದ ಮೇಲೂ ಬಸ್ಸಿನಲ್ಲೇ ಉಳಿದು ಅಜ್ಜಿಯ ಜೊತೆ ಮನೆಗೆ ಹೋಗುತ್ತಿದ್ದಳು. ಕೊನೆಯ ಎರಡು ಮೈಲಿ ಐವತ್ತೆರಡು ಸೀಟಿನ ಬಸ್ಸಿನಲ್ಲಿ ಇಬ್ಬರೇ. ಟ್ವೈಲಾ ನಮ್ಮ ಯಾರ ಮುಂದೆಯೂ ಹಾಡಿದವಳಲ್ಲ, ಆ ಎರಡು ಮೈಲಿ ಹಾಡುತ್ತಿದ್ದಳಂತೆ.

ಕಳೆದ ಸೆಪ್ಟೆಂಬರಿನಲ್ಲಿ, ಎರಡು ರಾಜ್ಯಗಳಾಚೆಯ ಒಂದು ಶಾಲೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಸಹಪಾಠಿಗಳ ಮೇಲೆ ಗುಂಡು ಹಾರಿಸಿದ. ಬಂದೂಕು ಅವನ ತಾತನ ಮನೆಯದು. ಎಂದಿನಂತೆ ಒಂದು ವಾರ ಟೀವಿಯವರು ಕೂಗಾಡಿದರು, ರಾಜಕಾರಣಿಗಳು ತಲೆ ತಗ್ಗಿಸಿ ನಿಂತರು, ಬೆಳಗಿನ ಕಾಫಿಗೆ ಸೇರುವ ನಮ್ಮ ಹೋಟೆಲಿನಲ್ಲಿ ಅದೇ ಹಳೆಯ ಜಗಳ ನಡೆಯಿತು. ನಾನೂ ಮೇಜು ಕುಟ್ಟಿದೆ. ಆಮೇಲೆ ಎಲ್ಲರೂ ಫುಟ್‌ಬಾಲ್ ಮಾತಿಗೆ ಇಳಿದೆವು. ಕೊರಿನ್ ಮಾತ್ರ ಇಳಿಯಲಿಲ್ಲ. ಮಗಳ ಬ್ಯಾಗಿನೊಳಗೆ ಗುಂಡು ತಡೆಯುವ ಹಲಗೆ ಇಟ್ಟಳು. ಆ ಭಾರಕ್ಕೆ ಜೂನಿ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಕ್ಕೆ ವಾಲುತ್ತಿದ್ದಳು. ಕೊರಿನ್ ಫಿಲಡೆಲ್ಫಿಯಾ ಕಡೆಯವಳು. ಪಟ್ಟಣದವರ ಪುಕ್ಕಲುತನ ಎಂದು ನಾವು ಬೆನ್ನ ಹಿಂದೆ ನಕ್ಕಿದ್ದೂ ಉಂಟು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಕ್ಟೋಬರ್ ಮೊದಲ ಭಾನುವಾರ ಟ್ವೈಲಾ ಮನೆಯಲ್ಲಿ ಊಟ. ನನ್ನನ್ನೂ ಕರೆದಿದ್ದಳು. ಊಟದ ನಡುವೆ ಜೂನಿ ಶಾಲೆಯ ಸುದ್ದಿ ಶುರು ಮಾಡಿದಳು.

"ಅಜ್ಜಿ, ಶುಕ್ರವಾರ ಪ್ರಾಕ್ಟೀಸ್ ಅಂತ ಲೈಟ್ ಆರಿಸಿ ಎಲ್ರನ್ನೂ ಮೂಲೇಲಿ ಕೂರಿಸಿದ್ರು. ಟೀಚರ್ ಲಾಲಿಪಾಪ್ ಕೊಟ್ರು. ನಂಗೆ ದ್ರಾಕ್ಷಿದು ಸಿಕ್ತು."

"ಲಾಲಿಪಾಪ್ ಯಾಕೇ ಪುಟ್ಟಿ?"

"ಬಾಯಲ್ಲಿ ಅದಿದ್ರೆ ಅಳೋಕಾಗಲ್ವಲ್ಲ. ಕೆಟ್ಟೋನು ಬಂದ್ರೆ ಅವನಿಗೆ ಕೇಳಿಸಬಾರ್ದು. ಆದ್ರೂ ನಮ್ ಕ್ಲಾಸಿನ ಓವನ್ ಅತ್ತ. ಅವನಿಗೆ ಇನ್ನೊಂದು ಕೊಟ್ರು."

ಕೊರಿನ್ ಚಮಚ ಕೆಳಗಿಟ್ಟಳು. "ಟ್ವೈಲಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹುಡುಗನಿಗೆ ಬಂದೂಕು ಸಿಕ್ಕಿದ್ದು ತಾತನ ಮನೇಲಿ. ಇಲ್ಲಿ ನಿಮ್ಮ ಬಂದೂಕಿನ ಕಪಾಟಿನ ಕೀಲಿ ಎಲ್ಲಿರುತ್ತೆ?"

ಹಜಾರದ ಗೋಡೆಗೆ ಒರಗಿದ ಗಾಜಿನ ಕಪಾಟು ಊಟದ ಮೇಜಿಗೇ ಕಾಣುತ್ತಿತ್ತು. ಒಳಗೆ ಐದು ಬಂದೂಕು ಸಾಲಾಗಿ ನಿಂತಿದ್ದವು.

"ಇರೋ ಕಡೆ ಇದೆ," ಎಂದಳು ಟ್ವೈಲಾ. "ಮೂವತ್ತು ವರ್ಷದಿಂದ ಒಂದೇ ಕಡೆ ಇದೆ. ನಿನ್ನ ಗಂಡ ಇದೇ ಮನೇಲಿ ಬೆಳೆದ, ಅವನಿಗೇ ಗೊತ್ತಿಲ್ಲ. ಈ ಮನೇಲಿ ಯಾವತ್ತಾದ್ರೂ ಏನಾದ್ರೂ ಆಗಿದೆಯಾ? ಕೇಳು ಬೇಕಾದ್ರೆ."

ಕೊರಿನ್ ಗಂಡನನ್ನು ಕೇಳಲಿಲ್ಲ. ಮಗಳ ಕಡೆ ತಿರುಗಿದಳು. "ಜೂನಿ, ಅಜ್ಜಿಯ ಆ ಕಪಾಟಿನ ಕೀಲಿ ಎಲ್ಲಿದೆ ಗೊತ್ತಾ ಚಿನ್ನ?"

"ಹೂಂ." ಮಗು ಕುರ್ಚಿಯಿಂದ ಜಾರಿ ಇಳಿಯಿತು. ಸೋಫಾದ ತೋಳಿನ ಮೇಲೆ ಹತ್ತಿ ನಿಂತು, ಗೋಡೆಗೆ ಹಾಕಿದ್ದ ಜಿಂಕೆಯ ತಲೆಯ ಎಡಗಿವಿಯ ಹಿಂದೆ ಕೈ ಹಾಕಿ, ಕೀಲಿ ತೆಗೆದು ತಂದು ಅಜ್ಜಿಯ ತಟ್ಟೆಯ ಪಕ್ಕದಲ್ಲಿಟ್ಟಿತು. ಸಹಾಯ ಮಾಡಿದೆನೆಂಬ ಖುಷಿ ಅದರ ಮುಖದ ತುಂಬ.

ನಮ್ಮ ಮನೆಯ ಕೀಲಿ ಇರುವುದೂ ಜಿಂಕೆಯ ಕಿವಿಯ ಹಿಂದೆಯೇ. ನನ್ನದು ಬಲಗಿವಿ. ಈ ಕಣಿವೆಯಲ್ಲಿ ಹತ್ತು ಮನೆ ಹೊಕ್ಕರೆ ಆರರಲ್ಲಿ ಕೀಲಿ ಅಲ್ಲೇ. ಎಲ್ಲರೂ ತಮ್ಮೊಬ್ಬರಿಗೇ ಹೊಳೆದ ಉಪಾಯವೆಂದು ಬೀಗುವವರೇ.

"ನಿಂಗೆ ಯಾರೇ ಹೇಳಿದ್ದು?" ಟ್ವೈಲಾ ಕೀಲಿಯ ಮೇಲೆ ಅಂಗೈ ಮುಚ್ಚಿದಳು.

"ಯಾರೂ ಹೇಳಿಲ್ಲ. ನೀನು ತೆಗೀವಾಗ ನಾನು ಇಲ್ಲೇ ಇರ್ತೀನಲ್ಲ."

ಆಗ ಟ್ರೆಂಟ್ ಬಾಯಿಬಿಟ್ಟ. ತಲೆ ಎತ್ತಲಿಲ್ಲ. "ಅಮ್ಮ, ನಂಗೂ ಗೊತ್ತಿತ್ತು. ಒಂಬತ್ತು ವರ್ಷದವನಿದ್ದಾಗ ಒಂದ್ಸಲ ಬಂದೂಕು ತೆಗೆದಿದ್ದೆ. ನೀನು ಬಸ್ ಬಿಡೋಕೆ ಹೋಗಿದ್ದೆ. ನಾನು, ರಾಸ್, ಇಬ್ರೇ. ಅವನ ಕಡೆ ಗುರಿ ಇಟ್ಟು ಟ್ರಿಗರ್ ಒತ್ತಿದೆ. ಟಿಕ್ ಅಂತು. ಗುಂಡು ಇದೆಯಾ ಇಲ್ವಾ ಅಂತ ನೋಡೇ ಇರ್ಲಿಲ್ಲ."

ರಾಸ್ ನನ್ನ ಮಗ. ಈಗ ಅವನಿಗೆ ಮೂವತ್ತೇಳು, ಎರಡು ಮಕ್ಕಳ ತಂದೆ. ಆ ಟಿಕ್ ಎಂಬ ಸದ್ದಿನ ಮೇಲೆ ನನ್ನ ಮನೆಯ ಇಪ್ಪತ್ತೆಂಟು ವರ್ಷ ನಿಂತಿತ್ತು ಎಂಬುದು ನನಗೆ ಅವತ್ತು ತಿಳಿಯಿತು. ಟ್ರೆಂಟ್‌ನ ಕೆನ್ನೆಗೆ ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ನೀರು ಕುಡಿದೆ.

"ಈ ಮನೇಲಿ ಏನೂ ಆಗಿಲ್ಲ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆನಲ್ಲೋ," ಎಂದಳು ಟ್ವೈಲಾ.

ಕೊರಿನ್ ದನಿ ಏರಿಸಲಿಲ್ಲ. "ಜೂನಿಗೆ ಯಾರಾದ್ರೂ ಗುಂಡು ಹೊಡೀತಾರೆ ಅನ್ನೋ ಭಯ ಒಂದೇ ಅಲ್ಲ ನಂಗೆ. ಶಾಲೆಗೆ ಹೋದ ಬಂದೂಕು ನಮ್ಮನೇದು ಅಂತ ಪೊಲೀಸರು ಬಂದು ಬಾಗಿಲು ತಟ್ಟಿದ್ರೆ? ಬುಧವಾರ ಇನ್ಮೇಲೆ ಬೇಡ, ಟ್ವೈಲಾ. ಅವಳನ್ನ ಶೆಲ್ಬಿ ಮನೇಲಿ ಬಿಡ್ತೀನಿ."

ಶೆಲ್ಬಿ ಸಂಬಳಕ್ಕೆ ಮಕ್ಕಳನ್ನು ನೋಡಿಕೊಳ್ಳುವವಳು. ಅವಳ ಮನೆ ಇರುವುದೂ ಹದಿನಾಲ್ಕನೇ ಬಸ್ಸಿನ ದಾರಿಯಲ್ಲೇ. ಅಂದರೆ ಬುಧವಾರ ಬುಧವಾರ ಟ್ವೈಲಾ ತನ್ನ ಕೈಯಾರೆ ಬಾಗಿಲು ತೆರೆದು ಮೊಮ್ಮಗಳನ್ನು ಬೇರೆಯವರ ಮನೆ ಮುಂದೆ ಇಳಿಸಬೇಕು. ಇಳಿಸಿದಳು. ಮೊದಲ ಸಲ ಜೂನಿ ಇಳಿಯುವಾಗ, "ಅಜ್ಜಿ, ಕೀಲಿ ತೋರಿಸಿದ್ದಕ್ಕೆ ನಿಂಗೆ ಕೋಪನಾ?" ಎಂದು ಕೇಳಿತಂತೆ. ಇಲ್ಲ ಎಂದು ಹೇಳಿ ಬಸ್ಸು ಮುಂದೆ ತಂದು, ಜೋಳದ ಹೊಲದ ಪಕ್ಕ ನಿಲ್ಲಿಸಿ ಅತ್ತಳಂತೆ. ಡ್ವೇನ್ ಸತ್ತಾಗಲೂ ಟ್ವೈಲಾ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಅದೇ ತಿಂಗಳು ಶಾಲಾ ಮಂಡಳಿಯ ಸಭೆ. ಮೇಷ್ಟ್ರುಗಳು, ಬಸ್ ಚಾಲಕರು ಪಿಸ್ತೂಲು ಇಟ್ಟುಕೊಳ್ಳಲು ಅನುಮತಿ ಕೊಡಬೇಕೆ ಎಂಬುದು ಚರ್ಚೆ. ಮಾತಾಡುವವರಿಗೆ ತಲಾ ಮೂರು ನಿಮಿಷ. ಪರವಾಗಿ ಮಾತಾಡುವವರ ಪಟ್ಟಿಯಲ್ಲಿ ಮೊದಲ ಹೆಸರು ಟ್ವೈಲಾಳದು, ಸೆಪ್ಟೆಂಬರಿನಲ್ಲೇ ಬರೆಸಿದ್ದಳು. ಅವಳು ಎದ್ದಾಗ ನಮ್ಮ ಹೋಟೆಲಿನ ಗುಂಪು ಶಿಳ್ಳೆ ಹಾಕಿತು.

"ಶಿಳ್ಳೆ ಸಾಕು," ಎಂದಳು. "ನಮ್ಮನೆ ಬಂದೂಕು ಕಿತ್ಕೊಳ್ಳೋಕೆ ಯಾರಾದ್ರೂ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ. ಅದು ಬೇರೆ ಮಾತು. ಬಸ್ಸಲ್ಲಿ ಐವತ್ತೆರಡು ಮಕ್ಕಳು, ನನ್ನ ಬೆನ್ನು ಅವರ ಕಡೆ. ಒಂದು ಕೀಲಿನ ಒಂದು ಮಗುವಿನ ಕಣ್ಣಿಂದ ಮುಚ್ಚಿಡೋಕೆ ಆಗ್ಲಿಲ್ಲ ನನ್ ಕೈಲಿ. ಪಿಸ್ತೂಲು ಎಲ್ಲಿ ಮುಚ್ಚಿಡ್ಲಿ? ನಂಗೆ ಬೇಡ."

ಎರಡು ನಿಮಿಷ ಬಾಕಿ ಇರುವಾಗಲೇ ಕೂತಳು. ಶಿಳ್ಳೆ ಹಾಕಿದವರು ಬೂಟು ನೋಡಿಕೊಂಡರು. ಪಿಸ್ತೂಲು ಬೇಡವೆನ್ನಲು ಬಂದಿದ್ದ ತಾಯಂದಿರೂ ಚಪ್ಪಾಳೆ ತಟ್ಟಲಿಲ್ಲ, ಬಾಗಿಲಲ್ಲೇ ನಿಲ್ಲಿಸ್ತೀನಿ ಎಂದಳಲ್ಲ. ಮಂಡಳಿ ತೀರ್ಮಾನವನ್ನು ಮುಂದೂಡಿತು, ಅದರಲ್ಲಿ ಅವರು ನಿಸ್ಸೀಮರು. ಮಾರನೇ ಬೆಳಿಗ್ಗೆ ಹೋಟೆಲಿನಲ್ಲಿ ಅವಳ ಸ್ವಂತ ಅಣ್ಣ ಮರ್ಲ್, "ಸೊಸೆ ಕಿವಿ ಊದಿದಾಳೆ," ಎಂದು ಬೇರೆ ಮೇಜಿಗೆ ಎದ್ದುಹೋದ. ಟ್ವೈಲಾ ಅವನ ಅರ್ಧ ತಿಂದ ಡೋನಟ್ ಎತ್ತಿ ತಿಂದಳು.

ನವೆಂಬರಿನಲ್ಲಿ ಅವಳು ಉಕ್ಕಿನ ತಿಜೋರಿ ತರಿಸಿದಳು. ನಂಬರ್ ಒತ್ತಿದರೆ ತೆರೆಯುವಂಥದ್ದು. ನಾನೂ ಟ್ರೆಂಟೂ ಹೊತ್ತು ಒಳಗಿಟ್ಟೆವು. ಟ್ವೈಲಾ ಕೊರಿನ್‌ಗೆ ಫೋನು ಮಾಡಿದಳು. "ನೀನೇ ಬಂದು ನಂಬರ್ ಹಾಕು. ನಂಗೂ ಹೇಳ್ಬೇಡ, ಟ್ರೆಂಟ್‌ಗೂ ಹೇಳ್ಬೇಡ. ನಂಗೆ ಬೇಕಾದಾಗ ನಿನ್ನ ಕೇಳ್ತೀನಿ."

ಬಂದೂಕು ಮುಟ್ಟದ ಹೆಂಗಸಿನ ಕೈಗೆ ಐದು ಬಂದೂಕುಗಳ ಬೀಗ! ನನಗೆ ತಲೆ ಕೆಟ್ಟಿತು, ಅಂದೂಬಿಟ್ಟೆ. "ನಿನ್ನ ಜಿಂಕೆ ಕಿವಿಗಿಂತ ವಾಸಿ, ಬಾಯಿ ಮುಚ್ಕೋ," ಎಂದಳು ಟ್ವೈಲಾ.

ಕೊರಿನ್ ಬಂದು, ನಂಬರ್ ಹಾಕಿ ಹೋದಳು. ಬುಧವಾರದ ಮಾತು ಎತ್ತಲಿಲ್ಲ. ಟ್ವೈಲಾ ಕೇಳಲಿಲ್ಲ.

ಬೇಟೆಯ ಹಿಂದಿನ ಭಾನುವಾರ ಸಂಜೆ ಕೊರಿನ್ ತಿಜೋರಿ ತೆರೆಯಲು ಬಂದಳು. ಟ್ವೈಲಾ ತನ್ನ ಅಪ್ಪನ ಬಂದೂಕೊಂದನ್ನು ಹೊರತೆಗೆದು, ಗುಂಡಿನ ಮನೆ ಖಾಲಿಯೆಂದು ತೋರಿಸಿದಳು. ಕೊನೆಗೂ ಕೇಳಿಬಿಟ್ಟಳು. "ಬುಧವಾರ?"

"ನಾಳೆ ಸಂಜೆ ಆರು ಗಂಟೆಗೆ ಬರ್ತೀನಿ," ಎಂದಳು ಕೊರಿನ್. "ಅಷ್ಟೊತ್ತಿಗೆ ಅದು ಇಲ್ಲಿರಬೇಕು. ಒಳಗಿಟ್ಟು ನಾನೇ ಮುಚ್ಚಬೇಕು. ಆರು ಅಂದ್ರೆ ಆರು. ಆಮೇಲೆ ಬುಧವಾರ."

ಸೋಮವಾರ ಇಡೀ ದಿನ ನಾವಿಬ್ಬರೂ ಬೆಟ್ಟದ ಮೇಲೆ ಚಳಿಯಲ್ಲಿ ಸೆಟೆದು ಕೂತದ್ದೇ ಬಂತು. ಒಂದು ಬಾಲವೂ ಕಾಣಲಿಲ್ಲ. ನಾಲ್ಕೂವರೆಗೆ, ಬೆಳಕು ಇನ್ನೇನು ಹೋಗಬೇಕು, ಓಕ್ ಮರಗಳ ನಡುವಿನಿಂದ ಗಂಡು ಜಿಂಕೆಯೊಂದು ಬಂತು. ಹತ್ತು ಕವಲಿನ ಕೊಂಬು. ನೂರು ಗಜವೂ ಇಲ್ಲ, ಅಡ್ಡಲಾಗಿ ನಿಂತಿದೆ. ಟ್ವೈಲಾ ಬಂದೂಕು ಎತ್ತಿದಳು. ಅವಳು ಗಡಿಯಾರ ನೋಡಿದಳು.

"ಹೊಡಿಯೇ!" ಎಂದು ಪಿಸುಗುಟ್ಟಿದೆ.

"ಹೊಡೆದ್ರೆ ಹೊಟ್ಟೆ ಬಗೀಬೇಕು, ಕೆಳಗೆ ಎಳೀಬೇಕು. ಏಳು ಗಂಟೆ ಆಗುತ್ತೆ."

"ಒಂದು ಗಂಟೆ ತಡ ಆದ್ರೆ ಭೂಮಿ ಮುಳುಗುತ್ತಾ? ಫೋನ್ ಮಾಡಿ ಹೇಳಿದ್ರಾಯ್ತು!"

"ಆರು ಅಂದ್ರೆ ಆರು ಅಂದಿದಾಳೆ."

ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಎದ್ದಳು. ಜಿಂಕೆ ಜಿಗಿದು ಮಾಯವಾಯಿತು. ಕೆಳಗಿಳಿಯುವವರೆಗೂ ನಾನು ಬೈದೆ, ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆರಕ್ಕೆ ಹತ್ತು ನಿಮಿಷವಿರುವಾಗ ಬಂದೂಕು ಅವಳ ಊಟದ ಮೇಜಿನ ಮೇಲಿತ್ತು. ಕೊರಿನ್ ಬಂದಳು, ಒಳಗಿಟ್ಟು ಮುಚ್ಚಿದಳು, ಹಿಡಿ ಎರಡು ಸಲ ಎಳೆದು ನೋಡಿದಳು. "ಜಿಂಕೆ ಸಿಗ್ಲಿಲ್ವಾ?" ಎಂದು ಕೇಳಿದಳು.

"ಕಾಣ್ಲೇ ಇಲ್ಲ," ಎಂದಳು ಟ್ವೈಲಾ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲು ತುಳಿದಳು.

ಬುಧವಾರ ಶೆಲ್ಬಿ ಮನೆ ಬಂದಾಗ ಎಂಟು ವಾರದ ಅಭ್ಯಾಸಬಲದಿಂದ ಟ್ವೈಲಾ ಬಸ್ಸು ನಿಲ್ಲಿಸಿ ಬಾಗಿಲು ತೆರೆದಳಂತೆ. ಯಾರೂ ಏಳಲಿಲ್ಲ. ಹೊರಗಿನ ಗಾಳಿ ಒಳಗೆ ನುಗ್ಗಿತು.

"ಅಜ್ಜಿ, ಬಾಗಿಲು ಹಾಕು," ಎಂದಳು ಜೂನಿ ಹಿಂದಿನಿಂದ. "ಚಳಿ ಆಗ್ತಿದೆ."