ಊಟವೋ ತಿಂಡಿಯೋ

ನಮ್ಮ ಕಡೆ ಹೆಣ್ಣು ನೋಡಲು ಬಂದವರು ತಿಂಡಿ ತಿಂದು, ಕಾಫಿ ಕುಡಿದು ಹೊರಡುತ್ತಾರೆ. ಎಷ್ಟೇ ಒತ್ತಾಯ ಮಾಡಿದರೂ ಊಟಕ್ಕೆ ನಿಲ್ಲುವುದಿಲ್ಲ. ಊಟಕ್ಕೆ ಕೂತು, ಕೊನೆಗೆ ಮೊಸರನ್ನ ಉಂಡು ಕೈ ತೊಳೆದರೆಂದರೆ ಎರಡೂ ಕಡೆಯವರು ಒಪ್ಪಿದ ಹಾಗೆ. ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಮೀರಿದವರನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಗೊತ್ತಿದ್ದ ನನ್ನ ಸೋದರತ್ತೆಯೇ ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಫ್ರೆಂಚ್ ಬಿಸ್ಟ್ರೋ ಎಂಬ ಪುಟ್ಟ ಹೋಟೆಲೊಂದರಲ್ಲಿ ತಂದು ಸಿಕ್ಕಿಸಿದಳು.

ಅವಳನ್ನು ಪೂರ್ತಿ ದೂರುವ ಹಾಗೂ ಇಲ್ಲ. ಕೊಪ್ಪದ ನಮ್ಮ ಮನೆಯಲ್ಲಿ ನಾಲ್ಕು ಸಲ ಉಪ್ಪಿಟ್ಟು, ಕೇಸರಿಬಾತು ಮಾಡಿ ನಾಲ್ಕೂ ಸಲ ಏನೂ ಆಗಿರಲಿಲ್ಲ. ರವೆ ಹುರಿದ ವಾಸನೆ ಬಂದರೆ ಸಾಕು, ಪಕ್ಕದ ಮನೆಯವರು 'ಇವತ್ತು ಯಾರು ಬರೋದು?' ಎಂದು ಕೇಳುತ್ತಿದ್ದರು. ಐದನೆಯವರು ಬೇಗಾರಿನವರು. ಇವರನ್ನಾದರೂ ಹೊರಗೆಲ್ಲಾದರೂ ನೋಡೋಣ ಎಂದು ಅತ್ತೆಯ ಯೋಚನೆ. ಜಯಪುರದ ದಾರಿಯಲ್ಲಿ ಹಳೇ ಕಾಫಿ ಗೋಡೌನೊಂದನ್ನು ಹೋಟೆಲು ಮಾಡಿದ್ದರು. ಬೋರ್ಡಿನ ಮೇಲೆ ಕಾಫಿಯ ಕಪ್ಪು-ಬಸಿಯ ಚಿತ್ರ ನೋಡಿದ್ದೇ ಅವಳು, 'ಕಾಫಿ ಕುಡುದ್ರಾಯ್ತು, ಎದ್ರಾಯ್ತು' ಎಂದು ಐದು ಜನರಿಗೆ ಜಾಗ ಹೇಳಿಟ್ಟಳು.

ಹೋಟೆಲಿನ ಯಜಮಾನ ಫ್ರಾನ್ಸಿನಲ್ಲಿ ಬಹಳ ವರ್ಷ ಅಡುಗೆ ಮಾಡಿ ಬಂದ ನಮ್ಮೂರ ಕಡೆಯವನೇ. ಗೋಡೆಯ ಕರಿಹಲಗೆ ತೋರಿಸಿ, 'ಮಧ್ಯಾಹ್ನ ಇಲ್ಲಿ ಒಂದೇ ನಮೂನೆ ಊಟ. ಒಂದಾದ ಮೇಲೆ ಒಂದು ಬತ್ತದೆ. ಸಾವಕಾಶ ಮಾಡಿ, ಇಲ್ಲಿ ಯಾರನ್ನೂ ಎಬ್ಸೋದಿಲ್ಲ' ಎಂದ.

'ಬರೀ ಕಾಫಿ ಸಿಗಲ್ವಾ?' ಅತ್ತೆ ಕೇಳಿದಳು.

'ಕಾಫಿ ಕೊನೇಲಿ.'

ಎದ್ದು ಹೋಗೋಣವೆಂದರೆ ಹುಡುಗನ ತಾಯಿ ಆಗಲೇ ಕೂತಾಗಿತ್ತು. ಗೋಡೆಯುದ್ದಕ್ಕೂ ಒಂದು ಬೆಂಚು, ಅದಕ್ಕೆ ಒತ್ತಿಕೊಂಡು ಸಾಲಾಗಿ ಪುಟ್ಟ ಪುಟ್ಟ ಮೇಜು. ಒಳಗೆ ಹೋಗಬೇಕಾದರೆ ಮೇಜನ್ನು ಎಳೆಯಬೇಕು, ಕೂತ ಮೇಲೆ ಮತ್ತೆ ತಳ್ಳುತ್ತಾರೆ. ನನ್ನನ್ನು ಗೋಡೆ ಬದಿಗೆ ಕೂರಿಸಿದರು. ಎಡಕ್ಕೆ ಅತ್ತೆ, ಬಲಕ್ಕೆ ಹುಡುಗನ ತಾಯಿ, ಎದುರಿಗೆ ಅಪ್ಪ ಮತ್ತು ಹುಡುಗ. ಮೇಜಿನ ಅಂಚು ಹೊಟ್ಟೆಗೆ ತಾಗುತ್ತಿತ್ತು. ತೊಡೆಯ ಮೇಲಿದ್ದ ಬ್ಯಾಗಿನಲ್ಲಿ ಶಾಲೆಯ ಬೀಗದ ಕೈ ಚುಚ್ಚುತ್ತಿತ್ತು.

ನರಸಿಂಹರಾಜಪುರದ ಹತ್ತಿರ ಒಂದು ಶಾಲೆಯಲ್ಲಿ ನಾನು ಲೆಕ್ಕದ ಟೀಚರು. ಬೆಳಿಗ್ಗೆ ಏಳೂ ನಲವತ್ತರ ಬಸ್ಸು ಹತ್ತಿ ಹೋಗಿ ಬಾಗಿಲು ತೆಗೆಯುವವಳು ನಾನೇ. ಆ ಕೆಲಸಕ್ಕೆ ಮೂರು ಸಲ ಪರೀಕ್ಷೆ ಬರೆದಿದ್ದೇನೆ. ಹುಡುಗ ಒಳ್ಳೆಯವನೆಂದೂ, ಕೆಲಸದ ವಿಷಯ ಮಾತಾಡಿದರಾಯಿತೆಂದೂ ಅತ್ತೆ ಹೇಳಿದ್ದಳು. ಅಪ್ಪ ಕಾರಿನಲ್ಲಿ ಹೇಳಿದ್ದು ಒಂದೇ ಮಾತು: 'ಇದೊಂದು ಆಗ್ಬಿಡ್ಲಿ ಕೂಸೆ.' ಅಪ್ಪನಿಗೆ ಎಪ್ಪತ್ತು ದಾಟಿದೆ.

ಮೊದಲು ಬ್ರೆಡ್ಡು ಬಂತು. 'ಇದು ತಿಂಡಿ ಲೆಕ್ಕವೇ' ಎಂದು ಅತ್ತೆ ನನ್ನ ಕಿವಿಯಲ್ಲಿ ಸಮಾಧಾನ ಹೇಳಿದಳು. ಆಮೇಲೆ ಈರುಳ್ಳಿ ಸೂಪು. 'ಇದನ್ನ ಕುಡಿಯೋದಲ್ವಾ, ಕಾಫಿ ಇದ್ದ ಹಾಗೆ' ಎಂದಳು. ಅಪ್ಪ ಒಂದು ಚಮಚ ಬಾಯಿಗಿಟ್ಟು, ಸಾರಿಗೆ ಒಗ್ಗರಣೆ ಬಿದ್ದಿಲ್ಲವೆಂದು ಕಣ್ಣಲ್ಲೇ ಹೇಳಿದ. ನನಗೆ ನಗು ಬಂತು. ಅಷ್ಟರಲ್ಲಿ ಬದನೆಕಾಯಿ, ಟೊಮೆಟೊ, ದಪ್ಪಮೆಣಸಿನಕಾಯಿ ಬೇಯಿಸಿದ ದೊಡ್ಡ ಬಟ್ಟಲು ಬಂತು, ಜೊತೆಗೆ ಅನ್ನ. ಅನ್ನ ನೋಡಿ ಅತ್ತೆ ಸುಮ್ಮನಾದಳು. ನನ್ನ ನಗುವೂ ನಿಂತಿತು.

ಹುಡುಗನ ತಾಯಿ ಅನ್ನ ಕಲಸುತ್ತ ಮಾತು ತೆಗೆದರು. ಕೆಟ್ಟವರಲ್ಲ, ದನಿಯೂ ಮೆತ್ತಗೆ. 'ನಮ್ಮನೇಲಿ ಕೆಲ್ಸಕ್ಕೆ ಹೋಗೋ ಅಗತ್ಯ ಎಂತದೂ ಇಲ್ಲ ಮಾರಾಯ್ತಿ. ಬೇಗಾರಿಂದ ಅಷ್ಟು ದೂರ ದಿನಾ ಓಡಾಡೋದು ಎಲ್ಲಿ ಸಾಧ್ಯ? ಜೂನಿಗೇ ರಾಜೀನಾಮೆ ಕೊಟ್ಬಿಡು.' ನಾನು ಹುಡುಗನ ಮುಖ ನೋಡಿದೆ. ಅವನು ಬದನೆಕಾಯಿಯ ಸಿಪ್ಪೆ ಬಿಡಿಸುತ್ತಿದ್ದ.

'ವರ್ಗಾವಣೆ ಕೇಳ್ಬಹುದು' ಎಂದೆ.

'ಅದೆಲ್ಲ ಯಾಕೆ ಬಿಡು' ಎಂದು ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.

ಅತ್ತೆ ನನ್ನ ಮೊಣಕಾಲು ಒತ್ತಿದಳು, ಸುಮ್ಮನಿರು ಎಂದು. ಸಿಟ್ಟಿನಿಂದ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಎದ್ದು ಹೋಗಲು ಮೇಜು ಎಳೆಯಬೇಕು, ಉಣ್ಣುವ ಪಂಕ್ತಿಯ ನಡುವೆ ಏಳಬಾರದು, ಅಪ್ಪ ಎದುರಿಗೇ ಇದ್ದಾನೆ.

ಆಗ ಯಜಮಾನ ಮರದ ಪುಟ್ಟ ಹಲಗೆಯ ಮೇಲೆ ಬಿಳಿಯ ಮೆತ್ತನೆಯ ಚೀಸ್ ತಂದಿಟ್ಟು, ಕೇಳದಿದ್ದರೂ ವಿವರಿಸಿದ: 'ನಮಗೆ ಮೊಸರು ಹ್ಯಾಗೋ ಫ್ರಾನ್ಸಿನವ್ರಿಗಿದು ಹಾಗೆ. ಇದು ತಿಂದ್ರೆ ಊಟ ಮುಗೀತು ಅಂತ. ಆಮೇಲೆ ಸಿಹಿ.'

ಪುಣ್ಯಾತ್ಮ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ?

ಹುಡುಗನ ತಾಯಿಯ ಮುಖ ಅರಳಿತು. 'ಹಾಗಾದ್ರೆ ಮೊಸರಿನವರೆಗೆ ಬಂದ ಹಾಗಾಯ್ತಲ್ಲ' ಎನ್ನುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡರು. ಹುಡುಗನೂ ತಿಂದ. ಅತ್ತೆ ನನ್ನ ಕಡೆ ನೋಡದೆ ಚಿಕ್ಕದೊಂದು ತುಂಡು ತೆಗೆದುಕೊಂಡಳು.

'ನಾನು ಶಾಲೆ ಬಿಡೋದಿಲ್ಲ' ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದುಕೊಂಡಿರಲಿಲ್ಲ. ಪಕ್ಕದ ಮೇಜಿನವರು ತಿರುಗಿದರು.

'ಮೊದ್ಲು ಊಟ ಮುಗ್ಸು' ಅತ್ತೆ ಅಂದಳು. 'ಮಾತು ಆಮೇಲೆ.'

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪನ ತಟ್ಟೆಯಲ್ಲಿ ಯಜಮಾನ ದೊಡ್ಡ ತುಂಡನ್ನೇ ಇಟ್ಟಿದ್ದ. ಜ್ವರ ಬಂದು ಗಂಜಿ ಕುಡಿದ ದಿನವೂ ಅಪ್ಪ ಕೊನೆಗೆ ಒಂದು ಸೌಟು ಮೊಸರು ಬೇಕೇ ಬೇಕು ಎನ್ನುವವನು. ಮೊಸರು ಹುಳಿಯಾಗಿದ್ದರೂ ಬಿಟ್ಟವನಲ್ಲ. ಅವನು ಆ ತುಂಡನ್ನು ಚಮಚದ ತುದಿಯಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸಿದ. ನನ್ನ ಕಡೆ ನೋಡಲಿಲ್ಲ. ನಾನು ಬೀಗದ ಕೈಯನ್ನು ಬ್ಯಾಗಿನ ಮೇಲಿಂದಲೇ ಹಿಡಿದುಕೊಂಡಿದ್ದೆ.

ಅಪ್ಪ ಚಮಚ ಕೆಳಗಿಟ್ಟು, ತಟ್ಟೆಯನ್ನು ಮುಂದಕ್ಕೆ ಸರಿಸಿದ.

'ನಂಗೆ ಮೊಸರು ಬ್ಯಾಡ' ಎಂದ.

ಹುಡುಗನ ತಾಯಿಗೆ ಅರ್ಥವಾಯಿತು, ಅತ್ತೆಗೂ. ಅಪ್ಪ ಎದ್ದ. ಯಜಮಾನ ಓಡಿ ಬರುವುದರೊಳಗೆ ತಾನೇ ಮೇಜಿನ ಎರಡೂ ಅಂಚು ಹಿಡಿದು ತನ್ನ ಕಡೆಗೆ ಎಳೆದ. ನೀರಿನ ಲೋಟ ಉರುಳಿತು.

'ಏಳು ಕೂಸೆ' ಎಂದ. 'ನಾಳೆ ಬೆಳಿಗ್ಗೆ ನಿಂಗೆ ಬಸ್ಸಿದೆ.'