ಹಾಲಿನ ಸಂಬಂಧಕ್ಕೆ ದಾಖಲೆ

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದೊಳಗೆ ವಿಶೇಷ ಮಕ್ಕಳ ಕೇಂದ್ರವೊಂದು ನಡೆಯುತ್ತದೆ. ಲಾಭಕ್ಕಾಗಿ ನಡೆಸುವುದಲ್ಲ. ಅಲ್ಲಿ ಖರೀದಿಯ ಕೆಲಸ ನನ್ನದು. ಪೆನ್ಸಿಲಿನಿಂದ ಹಿಡಿದು ಏಸಿ ರಿಪೇರಿಯವರೆಗೆ ಎಲ್ಲ ನನ್ನ ತಲೆಗೇ. ಯಾವ ಅಂಗಡಿಯವ ಟೋಪಿ ಹಾಕುತ್ತಾನೆ, ಯಾವನು 'ಇನ್‌ಶಾ ಅಲ್ಲಾ ನಾಳೆ' ಅಂದರೆ ಮುಂದಿನ ವಾರ ಎಂದು ತಿಳಿಯಬೇಕು, ಅದೆಲ್ಲ ನನಗೆ ಬಾಯಿಪಾಠ. ಅಮೆರಿಕದ ಅನುದಾನ ಬಂದ ಮೇಲೆ ಮಾತ್ರ ನನ್ನ ತಲೆ ಮೊಸರು ಗಡಿಗೆಯಾಯಿತು.

ಆ ಅನುದಾನದ ದಾರಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರ ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು. ನೆಟ್ಟಗೆ ಕೂರಲಾಗದ ಮಕ್ಕಳಿಗೆ ಸರಿಯಾದ ಕುರ್ಚಿ ಸಿಕ್ಕರೆ ಕಲಿಕೆ ಎಷ್ಟು ಸುಧಾರಿಸುತ್ತದೆ ಎಂದು ಅವರು ಅಧ್ಯಯನ ಮಾಡುತ್ತಿದ್ದರು. ಅದರಲ್ಲಿ ಒಂದು ಪಾಲನ್ನು ನಮಗೆ ದಾಟಿಸಿದರು. ಪಾಲಿನ ಹಿಂದೆಯೇ ನಿಯಮಗಳೂ ದಾಟಿ ಬಂದವು. ಯಾರಿಂದ ಏನು ಕೊಂಡಿರಿ ಎಂದು ವರದಿ ಕೊಡಬೇಕು. ಆ ಮಾರಾಟಗಾರ ಅಮೆರಿಕ ಸರ್ಕಾರ ನಿಷೇಧಿಸಿದವರ ಪಟ್ಟಿಯಲ್ಲಿ ಇಲ್ಲವೆಂದು ನೋಡಬೇಕು. ಆಮೇಲೆ, ಅವನಿಗೂ ಖರೀದಿ ಮಾಡುವವರಿಗೂ ನೆಂಟಸ್ತಿಕೆ ಇದೆಯೇ ಎಂದು ಇಬ್ಬರೂ ಬೇರೆಬೇರೆಯಾಗಿ ಬರೆದು ಸಹಿ ಹಾಕಬೇಕು.

ಗಲ್ಫಿನಲ್ಲಿ ಗುರುತು ಪರಿಚಯವಿಲ್ಲದೆ ಯಾರಿಗೆ ಏನು ಸಿಕ್ಕಿದೆ, ಹೇಳಿ? ನನಗೆ ಮೊದಲ ಕೆಲಸ ಕೊಡಿಸಿದ್ದು ದೊಡ್ಡಮ್ಮನ ಅಳಿಯ. ದುಬೈಯ ಕರಾಮದಲ್ಲಿ ಒಂದು ಮಂಚದಷ್ಟು ಜಾಗದ ಮೊದಲ ಬೆಡ್‌ಸ್ಪೇಸ್ ಹುಡುಕಿಕೊಟ್ಟದ್ದು ಇಗರ್ಜಿಯಲ್ಲಿ ಪಕ್ಕದಲ್ಲಿ ಕೂತವಳು. ಹಾಗೆಯೇ ಕುರ್ಚಿಯ ಮಾತು ಬಂದಾಗ ನನಗೆ ನೆನಪಾದದ್ದು ಅದೇ ದುಬೈಯ ದೇರಾದ ಓಣಿಯಲ್ಲಿ ಸೋಫಾ ಹೊಲಿಯುವ ನಮ್ಮೂರಿನ ಬ್ಯಾರಿ. ನಮ್ಮ ಕೇಂದ್ರದ ಎರಡು ಕುರ್ಚಿಗಳಿಗೆ ಅವನು ಮೊದಲೇ ಫೋಮ್ ಕಟ್ಟಿಕೊಟ್ಟಿದ್ದ, ಮಕ್ಕಳು ಅದರಲ್ಲಿ ಹಾಯಾಗಿ ಕೂರುತ್ತಿದ್ದರು. ನಿಯಮದಂತೆ ಅವನನ್ನೂ ಶಾರ್ಜಾದ ಒಂದು ಕಂಪನಿಯನ್ನೂ ಸೇರಿಸಿ ಮೂರು ಕಡೆಯಿಂದ ದರ ತರಿಸಿದೆ. ಅವನದೇ ಕಡಿಮೆ. ದೇರಾದಲ್ಲಿ ಸೋಫಾ ಹೊಲಿಯುವವನನ್ನು ಅಮೆರಿಕ ಸರ್ಕಾರ ಯಾಕೆ ನಿಷೇಧಿಸುತ್ತದೋ ದೇವರೇ ಬಲ್ಲ, ಆದರೂ ಹುಡುಕಿದೆ. ಪಟ್ಟಿಯಲ್ಲಿ ಇರಲಿಲ್ಲ.

ಆ ಆರ್ಡರ್ ಅವನಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಹಳೆ ಸೋಫಾವನ್ನು ಈಗ ಯಾರೂ ಹೊಲಿಸುವುದಿಲ್ಲ, ಬಿಸಾಡಿ ಹೊಸದು ತರುತ್ತಾರೆ. ಅಂಗಡಿಯ ಲೈಸೆನ್ಸ್ ನವೀಕರಿಸುವ ಹೊತ್ತು ಬಂದಿತ್ತು. "ಇದು ಸಿಕ್ಕಿದ್ರೆ ನಿಲ್ತೇನೆ, ಇಲ್ಲದಿದ್ರೆ ಶಟರ್ ಎಳೆದು ಊರಿಗೆ ಹೋಗುದು," ಎಂದು ಅವನು ಚಾ ಕುಡಿಯುತ್ತಾ ಹೇಳಿದ್ದ.

ನೆಂಟಸ್ತಿಕೆಯ ಕಾಲಮಿನಲ್ಲಿ ನಾನು 'ಇಲ್ಲ' ಎಂದು ಬರೆದೆ. ಯೋಚಿಸುವಂಥದ್ದು ಏನಿತ್ತು? ನಾನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಅವನು ಬ್ಯಾರಿ ಮುಸಲ್ಮಾನ. ಅವನ ಕಾಗದವನ್ನು ಓದದೆ ನನ್ನದರ ಜೊತೆ ಸೇರಿಸಿ ಕಳಿಸಿದೆ. ವಾರ ಕಳೆದ ಮೇಲೆ ಅಮೆರಿಕದಿಂದ ಮೇಲ್ ಬಂತು. ವಿಶ್ವವಿದ್ಯಾಲಯದಲ್ಲಿ ನಮ್ಮ ಕಡತ ನೋಡುವ ಅಧಿಕಾರಿಣಿ ಬಹಳ ವಿನಯದಿಂದ ಕೇಳಿದ್ದಳು: ನೀವು ಸಂಬಂಧವಿಲ್ಲ ಎಂದಿದ್ದೀರಿ, ಮಾರಾಟಗಾರರು ನಿಮ್ಮನ್ನು 'ಸಹೋದರಿ' ಎಂದು ಬರೆದಿದ್ದಾರೆ, ಯಾವುದು ಸರಿ?

ಅಯ್ಯೋ ದೇವರೇ! ಕೂಡಲೇ ದೇರಾಕ್ಕೆ ಫೋನ್ ಮಾಡಿದೆ.

"ಎಂತ ಬರೆದಿದ್ದೀಯ ಮಾರಾಯ? ನಾನು ಯಾವಾಗಿನಿಂದ ನಿನ್ನ ತಂಗಿ?"

"ಹುಟ್ಟಿದ ತಿಂಗಳಿನಿಂದ. ಉಮ್ಮನ ಹಾಲು ಕುಡಿದದ್ದು ಮರೆತು ಹೋಯ್ತಾ?"

ಮರೆತಿರಲಿಲ್ಲ. ಆದರೆ ನನ್ನ ಪಾಲಿಗೆ ಅದೊಂದು ಕತೆ, ಅಷ್ಟೆ. ನಾನು ಹುಟ್ಟಿದ ಕೆಲವೇ ದಿನಗಳಲ್ಲಿ ಅಮ್ಮ ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದ್ದರು. ಡಬ್ಬಿ ಹಾಲು ಕುಡಿದದ್ದೆಲ್ಲ ನಾನು ವಾಂತಿ ಮಾಡುತ್ತಿದ್ದೆನಂತೆ. ಗೋಡೆಯಾಚೆಯ ಬ್ಯಾರಿ ಮನೆಯ ಹೆಂಗಸು ಆಗಷ್ಟೇ ಹೆತ್ತಿದ್ದರು. ತನ್ನ ಮಗನನ್ನು ಒಂದು ಕಡೆ, ನನ್ನನ್ನು ಇನ್ನೊಂದು ಕಡೆ ಹಾಕಿಕೊಂಡು ಹಾಲೂಡಿಸಿದರಂತೆ. ಆ ಮಗನೇ ಇವನು, ಆ ತಾಯಿಯೇ ಇವನ ಉಮ್ಮ. ನಮ್ಮ ಮನೆಯಲ್ಲಿ ಹಬ್ಬಕ್ಕೆ ನೆಂಟರು ಸೇರಿದಾಗ ಅಮ್ಮ ಈ ಕತೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಮನೆಯಲ್ಲಿ ಅದು ಕತೆಯಲ್ಲ, ಕಾನೂನು. ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರೇ. ಮದುವೆ ಕೂಡ ಆಗುವಂತಿಲ್ಲ. ಇದು ನನಗೆ ಸರಿಯಾಗಿ ತಿಳಿದದ್ದು ಅವತ್ತೇ, ಅದೂ ಅಮೆರಿಕದವರ ಕೃಪೆಯಿಂದ.

ನಮ್ಮ ಕೇಂದ್ರದ ಮುಖ್ಯಸ್ಥೆ ಎಮಿರಾತಿ, ಈ ದೇಶದವರೇ. ನಾವೆಲ್ಲ ಅವರನ್ನು ಮುದೀರಾ ಎಂದೇ ಕರೆಯುವುದು. ನಾನು ತೊದಲುತ್ತಾ ವಿಷಯ ಹೇಳಿದರೆ ಅವರಿಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. "ಹಾಗಾದರೆ ಅವನು ನಿನ್ನ ಅಣ್ಣನೇ. ನೀನು ನಮ್ಮವಳಾಗಿದ್ದರೆ ಅವನ ಮುಂದೆ ತಲೆಗೆ ಬಟ್ಟೆ ಹಾಕಬೇಕಿರಲಿಲ್ಲ," ಎಂದರು. ಆಮೇಲೆ ಗಂಭೀರವಾಗಿ, "ಎಷ್ಟು ಸಲ ಕುಡಿದಿದ್ದೀ? ಹೊಟ್ಟೆ ತುಂಬಾ ಕುಡಿದಿದ್ದೀಯಾ? ನಮ್ಮಲ್ಲಿ ಅದಕ್ಕೂ ಲೆಕ್ಕ ಇದೆ," ಎಂದು ಕೇಳಿದರು.

ಹಾಲು ಕುಡಿಯುವ ಕೂಸು ಲೆಕ್ಕ ಇಟ್ಟುಕೊಳ್ಳುತ್ತದೆಯೇ?

ಮರುದಿನ ಸಂಜೆ ಅಮೆರಿಕದ ಅಧಿಕಾರಿಣಿಯ ಜೊತೆ ವಿಡಿಯೋ ಕಾಲ್. ರಕ್ತಸಂಬಂಧವೇ? ಅಲ್ಲ. ಮದುವೆಯಿಂದ? ಅಲ್ಲ. ದತ್ತು? ಅದೂ ಅಲ್ಲ. "ಹಾಗಾದರೆ ಹೇಗೆ?" ಎಂದಳು. "ಹಾಲಿನಿಂದ," ಎಂದೆ. ಅವಳು ಕನ್ನಡಕ ಸರಿ ಮಾಡಿಕೊಂಡು, ನಿಮ್ಮಿಬ್ಬರದೂ ಹಾಲಿನ ವ್ಯಾಪಾರವಿದೆಯೇ, ಅದನ್ನೂ ಘೋಷಿಸಬೇಕಲ್ಲ ಎಂದಳು! ನಗು ತಡೆದುಕೊಂಡು ಎಲ್ಲ ವಿವರಿಸಿದೆ. ಪಾಪ, ಕೆಟ್ಟವಳಲ್ಲ. ತುಂಬಾ ಹೊತ್ತು ಏನೋ ಓದಿಕೊಂಡು, ನಮ್ಮ ನಿಯಮದಲ್ಲಿ ಇಂಥದ್ದು ಇಲ್ಲ, ಅದು ಸಂಬಂಧವಲ್ಲ ಎಂದು ನಿಮಗಿಬ್ಬರಿಗೂ ಅನಿಸಿದರೆ ಅವರು ಆ ಸಾಲು ತೆಗೆದು ಹೊಸ ಕಾಗದ ಕೊಡಲಿ, ಕಡತ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮನ್ನು ಬಿಟ್ಟು ಆಯ್ಕೆ ಮೊದಲಿನಿಂದ ನಡೆಯಬೇಕು ಎಂದಳು.

ಸದ್ಯ, ಬದುಕಿದೆ ಎಂದುಕೊಂಡು ಶನಿವಾರವೇ ಬಸ್ಸು ಹತ್ತಿ ದೇರಾಕ್ಕೆ ಹೋದೆ. ಅಂಗಡಿಯಲ್ಲಿ ಅರ್ಧ ಬಿಚ್ಚಿದ ಒಂದು ಸೋಫಾ ಬಿಟ್ಟರೆ ಬೇರೆ ಕೆಲಸವೇ ಕಾಣಲಿಲ್ಲ. ಹೊಸ ಕಾಗದ ಅವನ ಮುಂದಿಟ್ಟೆ. "'ಇಲ್ಲ' ಅಂತ ಹಾಕು. ಆರ್ಡರ್ ನಿಂದೇ. ಯಲ್ಲಾ, ಬೇಗ."

ಅವನು ಪೆನ್ನು ಮುಟ್ಟಲಿಲ್ಲ. "ನೀನು ಎಂತ ಬರೆದದ್ದು?"

"ಇಲ್ಲ ಅಂತ."

ಅವನ ಮುಖ ಸಣ್ಣದಾಯಿತು. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಜಗಳವಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವನು ಮೆಲ್ಲಗೆ ಹೇಳಿದ: "ನೀನು ಬರೆದ್ರೆ ತಪ್ಪಿಲ್ಲ. ನಿಂಗೆ ಅದು ಸುಳ್ಳಲ್ಲ. ನಾನು ಬರೆದ್ರೆ ಸುಳ್ಳಾಗ್ತದೆ. ಹಣಕ್ಕೋಸ್ಕರ ತಂಗಿ ಅಲ್ಲ ಅಂತ ಸಹಿ ಹಾಕಿದ್ರೆ ನಾಳೆ ಉಮ್ಮನಿಗೆ ಯಾವ ಮುಖ ತೋರಿಸುದು?"

"ಉಮ್ಮನಿಗೆ ಯಾರು ಹೇಳ್ತಾರೆ ಮಾರಾಯ? ಅಂಗಡಿ ಹೋಗ್ತದೆ, ಅದರ ಚಿಂತೆ ಮಾಡು!"

"ಹೋಗ್ಲಿ. ಅಂಗಡಿ ಅಲ್ವಾ ಹೋಗುದು?"

ನನಗೆ ಅಳು ಬಂತು. ಸಿಟ್ಟೂ ಬಂತು. ಅವನ ಮೇಲೋ, ಅಮೆರಿಕದ ಮೇಲೋ, ನನ್ನ ಮೇಲೋ, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವನು ಚಾ ತರಿಸಿದ. ಕುಡಿಯದೆ ಎದ್ದು ಬಂದೆ. ಅಬುಧಾಬಿಯವರೆಗೆ ಬಸ್ಸಿನಲ್ಲಿ ಒಂದೇ ಯೋಚನೆ: ಯಾರು ಸರಿ? ಅಮೆರಿಕದ ನಿಯಮಕ್ಕೆ ಅವನು ಯಾರೂ ಅಲ್ಲ. ಈ ದೇಶದ ಕಾನೂನಿಗೆ ಅಣ್ಣ. ನನಗೆ? ನಲವತ್ತು ದಾಟಿದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕುವ ಗ್ರಹಚಾರ ನನಗೆ ಯಾಕೆ ಬಂತು?

ಭಾನುವಾರ ಇಗರ್ಜಿಯ ಪೂಜೆಯಲ್ಲಿ ಕೂತಿದ್ದರೂ ತಲೆಯಲ್ಲಿ ಅದೇ. ಸೋಮವಾರ ನನ್ನ ಕಾಗದವನ್ನು ವಾಪಸು ತೆಗೆದು 'ಇಲ್ಲ' ಎಂದಿದ್ದಲ್ಲಿ 'ಹೌದು, ಅಣ್ಣ' ಎಂದು ಬರೆದೆ. ಬರೆದ ಕೂಡಲೇ ಎದೆ ಹಗುರಾಯಿತು. ಆದರೆ ಸಂಬಂಧವಿದೆ ಎಂದ ಮೇಲೆ ನಾನು ಆಯ್ಕೆಯಿಂದ ಹೊರಗೆ ಕೂರಬೇಕು, ದರಗಳನ್ನು ಹೊಸದಾಗಿ ತರಿಸಬೇಕು. ಮುದೀರಾ ಮತ್ತು ಇಬ್ಬರು ಥೆರಪಿಸ್ಟುಗಳು ಕೂತು ನೋಡಿದರು. ನಾನು ಹೊರಗೆ ರಿಸೆಪ್ಷನ್ನಿನಲ್ಲಿ ಮಕ್ಕಳ ಚಪ್ಪಲಿ ಜೋಡಿಸುತ್ತಾ ಕೂತೆ. ಈ ಸಲ ಶಾರ್ಜಾದ ಕಂಪನಿಯವರು ದರ ಇಳಿಸಿದ್ದರು. ಆರ್ಡರ್ ಅವರಿಗೆ ಹೋಯಿತು.

ಹೇಳಲು ಫೋನ್ ಮಾಡಿದೆ. ಅವನು ಕೇಳಿ, "ಖಲಾಸ್, ಬಿಡು. ನೀನು ಎಂತ ಬರೆದದ್ದು ಕಡೆಗೆ?" ಎಂದ. ಹೇಳಿದೆ. "ಹಾಗಾದ್ರೆ ಅವತ್ತಿನ ಚಾ ಬಾಕಿ ಉಂಟು," ಎಂದ. ಮುಂದಿನ ತಿಂಗಳು ಅವನು ಶಟರ್ ಎಳೆದ. ವೀಸಾ ರದ್ದು ಮಾಡಿಸಿದ. ಏರ್‌ಪೋರ್ಟಿಗೆ ನಾನೇ ಬಿಡಲು ಹೋದೆ. ಅಲ್ಲಿ ಇಬ್ಬರೂ ಚಾ ಕುಡಿದೆವು, ದೇರಾದ ಚಾದಷ್ಟು ಚೆನ್ನಾಗಿರಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡರೆ, ವರ್ಷದ ಕೊನೆಯ ವರದಿ ಕಳಿಸುವಾಗ ಅಮೆರಿಕದಿಂದ ಇನ್ನೊಂದು ಮೇಲ್. ಕಡತ ಮುಚ್ಚುತ್ತಿದ್ದೇವೆ, ನೀವು ಘೋಷಿಸಿದ ಸಂಬಂಧಕ್ಕೆ ಏನಾದರೂ ದಾಖಲೆ ಇದ್ದರೆ ಲಗತ್ತಿಸಿ. ದಾಖಲೆ! ಹಾಲಿಗೆ ರಸೀದಿ ಎಲ್ಲಿಂದ ತರಲಿ? ಸಂಬಂಧವಿಲ್ಲ ಎಂದಾಗ ನಂಬಿದವರಿಗೆ ಇದೆ ಎಂದ ಕೂಡಲೇ ಸಾಕ್ಷಿ ಬೇಕಾಯಿತು. ನನಗೆ ಈ ಲೆಕ್ಕ ಇವತ್ತಿಗೂ ಅರ್ಥವಾಗಿಲ್ಲ.

ಊರಿಗೆ ಫೋನ್ ಮಾಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, "ನೀನೇ ಕೇಳು," ಎಂದು ಫೋನನ್ನು ಉಮ್ಮನ ಕೈಗೆ ಕೊಟ್ಟ. ವಿಡಿಯೋದಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು. ಕಿವಿ ಸ್ವಲ್ಪ ಮಂದ. ಜೋರಾಗಿ ಎರಡೆರಡು ಸಲ ಹೇಳಿದೆ: ಉಮ್ಮ, ನೀವು ನನಗೆ ಹಾಲು ಕೊಟ್ಟದ್ದಕ್ಕೆ ಸಾಕ್ಷಿ ಕೇಳುತ್ತಿದ್ದಾರೆ, ಅಮೆರಿಕದವರು.

ಅವರಿಗೆ ನಗು ಬರಲಿಲ್ಲ. ಫೋನನ್ನು ಹತ್ತಿರ ಹಿಡಿದು, ನಾನೇ ಏನೋ ದಡ್ಡತನ ಮಾಡಿದ್ದೇನೆ ಎಂಬಂತೆ ಗದರಿದರು:

"ಎಂಥ ಸಾಕ್ಷಿ ಮಗಾ? ನೀನು ಬದುಕಿದ್ದೀ ಅಲ್ವಾ?"