ಹಾಲಿನ ಜೋಡಿ ನುಂಗಿದ ಹಳದಿ ಗುಳಿಗೆ

ಹೋದ ವಾರ ನಮ್ಮ ಮನೆಯಲ್ಲಿ ಒಂದು ಲೋಟ ಹಾಲಿಗಾಗಿ ಜಗಳವಾಯಿತು.

ಜಗಳ ನನಗೂ ನನ್ನ ಮೊಮ್ಮಗಳು ಅನಘಾಳಿಗೂ. ಅವಳಿಗೀಗ ಹದಿನೇಳು. ಮುಖದ ತುಂಬ ಮೊಡವೆ. (ಇದನ್ನೆಲ್ಲ ಬರೆಯುವ ಧೈರ್ಯ ಹೇಗೆ ಬಂತು ಅಂತೀರಾ? ಅವಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾಗಪುರದಲ್ಲಿ ಹುಟ್ಟಿದ ಮಕ್ಕಳ ಹಣೆಬರಹ.) ಸ್ಕಿನ್ ಡಾಕ್ಟರು ಮೂರು ತಿಂಗಳಿಗೆ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಮೊದಲನೆಯದನ್ನು ಅವಳು ಕೈಗೆತ್ತಿಕೊಂಡ ಹೊತ್ತಿಗೆ ಸರಿಯಾಗಿ ನಾನು ಬಿಸಿ ಹಾಲು ಹಿಡಿದು ಎದುರಿಗೆ ನಿಂತೆ.

"ಅಜ್ಜಿ, ಹಾಲು ನಕೋ. ಇದರ ಜೋಡಿ ಹಾಲು ಚಾಲತ್ ನಾಹಿ."

"ಯಾಕ ನಡಿಯಂಗಿಲ್ಲ? ಇಂಗ್ಲಿಷ್ ಔಷಧ ಉಷ್ಣ ಇರ್ತಾವು. ಹೊಟ್ಟಿ ಸುಡ್ತೈತಿ."

"ಅಜ್ಜಿ, ಡಾಕ್ಟರ್ ಎರಡು ಸಲ ಹೇಳ್ಯಾರ. ಹಾಲಿನಾಗ ಕ್ಯಾಲ್ಸಿಯಂ ಇರ್ತೈತಿ. ಅದು ಔಷಧ ಹಿಡಕೊಂಡು ಕುಂದರತೈತಿ, ರಕ್ತಕ್ಕ ಹೋಗಗೊಡಂಗಿಲ್ಲ. ಇಂಥಾ ಗೋಳಿ ಹಾಲಿನ ಜೋಡಿ ನುಂಗೂದೂ ಒಂದs, ನುಂಗದs ಇರೂದೂ ಒಂದs. ಸಮಜ್‌ಲಾ?"

ಸಮಜ್ ಆಯಿತು. ಎಷ್ಟು ಸಮಜ್ ಆಯಿತೆಂದರೆ ನಾನು ಲೋಟ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಹಾಲಿನ ಮೇಲೆ ಕೆನೆ ಕಟ್ಟಿತು. ಅನಘಾ ನೀರು ಕುಡಿದು ಹೋಗಿಯೂ ಆಯಿತು. ನಾನು ಮಾತ್ರ ಎಲ್ಲೋ ಇದ್ದೆ. ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲದಲ್ಲಿ, ಅಜನಿಯ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ನಮ್ಮ ಸರೂ ಅಕ್ಕ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ಹಾಲಿನ ವಾಟಗ ಹಿಡಿದು ನಿಂತಿದ್ದಳು.

ಹಾಗಾದರೆ ಕಾರಣ ಅದೇನಾ?

ಮೊದಲು ನಮ್ಮ ಮನೆಯವರ ಪರಿಚಯ ಮಾಡಿಸುತ್ತೇನೆ. ಅಪ್ಪನಿಗೆ ಗದಗದಿಂದ ನಾಗಪುರಕ್ಕೆ ವರ್ಗವಾಗಿತ್ತು. ಅವ್ವ, ಅಪ್ಪ, ಅಪ್ಪನ ತಾಯಿ ನೀಲಮ್ಮಜ್ಜಿ, ಅಕ್ಕ, ನಾನು. ಮನೆಯ ಹೊಸ್ತಿಲು ದಾಟಿದರೆ ಮರಾಠಿ, ರಸ್ತೆ ದಾಟಿದರೆ ಹಿಂದಿ. ನನ್ನ ಕನ್ನಡ ಶಾಲೆಯದಲ್ಲ. ಅಜ್ಜಿಯ ಎದುರು ಕುಳಿತು ಜೋಳದಾಗಿನ ಹರಳು ಆರಿಸುತ್ತ ಕಲಿತದ್ದು. ತಪ್ಪಿದ್ದರೆ ಅವಳನ್ನೇ ಕೇಳಿ.

ಅಕ್ಕ ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಟೀಚರ್ ಆಗಬೇಕು ಅನ್ನುವ ಹಟ. ಗೋಡೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನನ್ನನ್ನು ಕೂಡಿಸಿ ಪಾಠ ಹೇಳುತ್ತಿದ್ದಳು. ಹೊಡೆಯುತ್ತಲೂ ಇದ್ದಳು. (ಟೀಚರ್ ಅಂದಮೇಲೆ ಪೂರ್ತಿ ಟೀಚರ್.)

ಆ ವರ್ಷ ಮಳೆಗಾಲದಲ್ಲಿ ಅವಳ ಮುಖಕ್ಕೆ ಮೊಡವೆ ಎದ್ದವು. ಒಂದೆರಡಲ್ಲ. ಗಲ್ಲ, ಹಣೆ, ಗದ್ದದ ಕೆಳಗೆ. ಕೆಂಪಗೆ ಊದಿ, ಕೀವು ತುಂಬಿ, ಒಡೆದು, ಕುಳಿ ಬಿಟ್ಟು ಹೋಗುವಂಥವು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ದಿಂಬಿನ ಮೇಲೆ ಗಲ್ಲ ಊರಲು ಆಗದೆ ಅವಳು ಅಂಗಾತ ಮಲಗಿ ಚಾವಣಿ ನೋಡುತ್ತಿದ್ದಳು.

ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಹುಡುಗರು ಅವಳಿಗೆ ಒಂದು ಹೆಸರಿಟ್ಟರು. ನಾಗಪುರದ ಹುಡುಗರು ಬೇರೇನಿಟ್ಟಾರು? ಸಂತ್ರಾ. ಕಿತ್ತಳೆಯ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಕುಳಿ ಇರುತ್ತವಲ್ಲ, ಹಾಗೆ. "ಸಂತ್ರಾ ಆಲಾ ರೇ, ಸಂತ್ರಾ" ಅಂತ ಒಬ್ಬ ಕೂಗಿದರೆ ಉಳಿದವರು ಬೆಲ್ ಬಾರಿಸುತ್ತಿದ್ದರಂತೆ.

ಅಕ್ಕ ಮೊದಲು ತಲೆನೋವು ಅಂದಳು. ಆಮೇಲೆ ಹೊಟ್ಟೆನೋವು ಅಂದಳು. ಆಮೇಲೆ ಏನೂ ಅನ್ನದೆ ಮನೆಯಲ್ಲೇ ಉಳಿದಳು. ಕನ್ನಡಿಯ ಮೇಲೆ ಟವೆಲ್ ಬಂತು.

ಅಪ್ಪ ಒಳ್ಳೆಯವರೇ. ಆದರೆ ರೈಲ್ವೆಯ ಮನುಷ್ಯ. ಟೈಮಿಗೆ ಹೊರಡದ ಗಾಡಿ ಕಂಡರೆ ಆಗುತ್ತಿರಲಿಲ್ಲ. "ಕಾಲೇಜಿಗೆ ಹೋಗೂದಿದ್ರ ಹೋಗು. ಇಲ್ಲಂದ್ರ ಹೆಸರು ತಗಸ್ತೀನಿ. ಸುಮ್ಮನ ಒಂದು ಸೀಟು ಯಾಕ ಹಿಡೀಬೇಕು?" ಅಂದರು. ಹೆಸರು ತೆಗೆಸಿದರೆ ಮುಂದೇನು ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗದಗಿನ ಕಡೆಯಿಂದ ವರಗಳ ಸುದ್ದಿ ಆಗಲೇ ಬರುತ್ತಿತ್ತು.

ಅವ್ವನೇ ಹಟ ಹಿಡಿದು ಧಂತೋಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಬೆಳಕಿಗೆ ಮುಖ ತಿರುಗಿಸಿ ನೋಡಿ, ಹೊಸದೊಂದು ಔಷಧ ಬಂದಿದೆ, ನ್ಯುಮೋನಿಯಾಕ್ಕೆ ಕೊಡುತ್ತಾರೆ, ಈಗ ಮೊಡವೆಗೂ ಕೊಟ್ಟು ನೋಡುತ್ತಿದ್ದಾರೆ ಅಂದರಂತೆ. ಟೆಟ್ರಾಸೈಕ್ಲಿನ್. ನಮ್ಮ ಮನೆಯಲ್ಲಿ ಆ ಹೆಸರು ಅಪ್ಪನಿಗೊಬ್ಬರಿಗೇ ಹೇಳಲು ಬರುತ್ತಿತ್ತು.

ಅದು ನಾವು ಕಂಡ ಮೊದಲ ಕ್ಯಾಪ್ಸೂಲ್. ಅಲ್ಲಿಯತನಕ ಔಷಧ ಅಂದರೆ ಕಾಗದದ ಪಟ್ಟಿ ಅಂಟಿಸಿದ ಬಾಟಲಿಯ ಕೆಂಪು ನೀರು, ಇಲ್ಲವೇ ಪುಡಿಯ ಪೊಟ್ಟಣ. ಇದು ನುಣ್ಣಗೆ, ಹಗುರಕ್ಕೆ, ಹುಳದ ಮೊಟ್ಟೆಯ ಹಾಗೆ. ಅಜ್ಜಿ ಅಂಗೈ ಮೇಲೆ ಉರುಳಿಸಿದಳು. ಮೂಸಿದಳು. ಆಮೇಲೆ ಎರಡು ತುದಿ ಹಿಡಿದು ಮೆಲ್ಲಗೆ ಎಳೆದಳು. ಅದು ಬಿಚ್ಚಿಕೊಂಡಿತು. ಒಳಗಿಂದ ಹಳದಿ ಪುಡಿ ಉದುರಿತು.

ಅಜ್ಜಿಯ ಮುಖ ಅರಳಿತು.

"ಇದು ಅರಿಷಿಣ ಅಲ್ಲೇನ?"

"ಅಲ್ಲಬೇ ಯವ್ವಾ," ಅಪ್ಪ ಅಂದರು, "ಅಮೆರಿಕಾದಾಗ ಕಂಡು ಹಿಡದಾರ."

"ಕಂಡು ಹಿಡೀಲಿ. ಗಾಯಕ್ಕ ಅರಿಷಿಣ ಅಂತ ಅವರಿಗೆ ಈಗ ಗೊತ್ತಾಗೇತಿ. ಡಬ್ಬಿ ಚಂದ ಮಾಡ್ಯಾರ, ಅದೊಂದು ಒಪ್ಪಬೇಕು." ನಾಲಗೆಯ ತುದಿಗೆ ಮುಟ್ಟಿಸಿಕೊಂಡಳು. ಮುಖ ಕಿವಿಚಿದಳು. "ಭಾಳ ತೇಜ್ ಐತಿ. ಹಂಗs ನುಂಗಬಾರದು. ಅರಿಷಿಣ ಅಂದಮ್ಯಾಲೆ ಹಾಲಿನಾಗs ಹೋಗಬೇಕು."

ಅಲ್ಲಿಗೆ ತೀರ್ಮಾನವಾಯಿತು. ನಿಮ್ಮ ಮನೆಯಲ್ಲಿ ಆಗಿದ್ದರೆ ಬೇರೆ ತೀರ್ಮಾನ ಆಗುತ್ತಿತ್ತೇ? ಹಳದಿ ಪುಡಿ, ಮುಖದ ಗಾಯ, ಮನೆಯಲ್ಲಿ ಅಜ್ಜಿ. ಈ ಮೂರೂ ಕೂಡಿದಲ್ಲಿ ಹಾಲು ಬರದೆ ಇರುತ್ತದೆಯೇ?

ಹಾಲು ಎಲ್ಲಿಂದ ಬರಬೇಕು? ಗೌಳಿ ದಿನಾ ಹಾಕುತ್ತಿದ್ದದ್ದು ಅಳತೆಯ ಹಾಲು. ಅದರಲ್ಲೇ ಚಹಾ, ಅದರಲ್ಲೇ ಮೊಸರಿಗೆ ಹೆಪ್ಪು. ಹೆಚ್ಚು ಹಾಕಿಸೋಣ ಅಂದರೆ ಅಜ್ಜಿ ಕೇಳಲಿಲ್ಲ. ತನ್ನ ಪಾಲಿನದನ್ನೇ ಎತ್ತಿಟ್ಟಳು. ನಮ್ಮಜ್ಜಿಗೆ ಚಹಾ ಅಂದರೆ ಜೀವ. ಗಟ್ಟಿ ಹಾಲಿನ, ಸಕ್ಕರೆ ಸುರಿದ ಚಹಾ. ಆ ದಿನದಿಂದ ಅವಳು ಕರೀ ಚಹಾ ಕುಡಿದಳು. ಯಾರಾದರೂ ಕೇಳಿದರೆ, "ಹಾಲಿನ ಚಹಾ ಪಿತ್ತ" ಅಂದುಬಿಡುತ್ತಿದ್ದಳು.

ಹೊತ್ತು ಹೊತ್ತಿಗೆ ಅಜ್ಜಿ ಕೂಗುವಳು: "ಸರೂ, ಬಾರವ್ವಾ, ಹಾಲು ಆರತೈತಿ." ಅಕ್ಕ ಗುಳಿಗೆ ನಾಲಗೆಯ ಮೇಲಿಟ್ಟು ಹಾಲು ಕುಡಿಯುವಳು. ಕೊನೆಯ ಗುಟುಕು ಇಳಿಯುವತನಕ ಅಜ್ಜಿ ಕದಲುತ್ತಿರಲಿಲ್ಲ. ಜೊತೆಗೆ ಬಿಸಿಲಲ್ಲಿ ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿಯನ್ನೂ ತಯಾರು ಮಾಡಿದಳು, ಮುಖಕ್ಕೆ ಹಚ್ಚಲು. ಅದಕ್ಕೆ ಮಾತ್ರ ಅಕ್ಕ ಸುತರಾಂ ಒಪ್ಪಲಿಲ್ಲ. ಸಂತ್ರಾ ಅನ್ನುವ ಪದ ಕಿವಿಗೆ ಬಿದ್ದರೇ ಎದ್ದು ಹೋಗುತ್ತಿದ್ದವಳು ಅದನ್ನೇ ಮುಖಕ್ಕೆ ಬಳಿದುಕೊಂಡಾಳೇ?

ಗಣಪತಿ ಹೋದ. ದಸರಾ ಹೋಯಿತು. ದೀಪಾವಳಿಯೂ ಬಂತು. ಮೊಡವೆ ಹೋಗಲಿಲ್ಲ.

ಡಾಕ್ಟರಿಗೇ ಆಶ್ಚರ್ಯ. ಬೇರೆ ಪೇಷಂಟುಗಳಿಗೆ ಗುಣ ಕಾಣುತ್ತಿದೆಯಲ್ಲ, ಈ ಹುಡುಗಿಗೇಕಿಲ್ಲ? ಅಪ್ಪನನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಕೇಳಿದರಂತೆ, "ಮುಲಗಿ ಗೋಳ್ಯಾ ಘೇತೇ ನಾ ಬರೋಬರ್?" ಹುಡುಗಿ ಗುಳಿಗೆ ಸರಿಯಾಗಿ ತಗೋತಾಳೆ ತಾನೆ?

ಆ ಒಂದು ಪ್ರಶ್ನೆಯನ್ನು ಅಪ್ಪ ಧಂತೋಲಿಯಿಂದ ಅಜನಿಯತನಕ ಸೈಕಲ್ ಮೇಲೆ ಹೊತ್ತು ತಂದರು. ಬರುವಷ್ಟರಲ್ಲಿ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ.

"ಗುಳಿಗಿ ಎಲ್ಲಿ ಒಗದಿ?"

ಅಕ್ಕನಿಗೆ ತಿಳಿಯಲೇ ಇಲ್ಲ. "ಯಾವ ಗುಳಿಗಿ?"

"ಕಾಲೇಜಿಗೆ ಹೋಗೂ ಮನಸ್ಸಿಲ್ಲಂದ್ರ ಇಲ್ಲ ಅನ್ನು. ಮುಖದ ನೆವ ಯಾಕ? ಮೋರಿಗೆ ಒಗದು ನುಂಗೀನಿ ಅಂತ ಹೇಳೂದು ಯಾಕ?"

"ನುಂಗೀನಿ ಅಪ್ಪಾ."

"ನುಂಗಿದ್ರ ಕಡಿಮಿ ಆಗ್ತಿತ್ತು. ಡಾಕ್ಟರ್ ಹೇಳ್ಯಾರ."

ಅಕ್ಕನ ಕಣ್ಣಲ್ಲಿ ನೀರು ಬರಲಿಲ್ಲ. ಗೋಡೆಯ ಚಾಕ್‌ಪೀಸಿನ ಗೆರೆಗಳನ್ನು ನೋಡುತ್ತ ನಿಂತಳು. ಮೊಡವೆಗೆ ಔಷಧವಿತ್ತು. ಈ ಮಾತಿಗೆ ಎಲ್ಲಿಂದ ತರಬೇಕು?

ಅಡುಗೆಮನೆಯಿಂದ ಅಜ್ಜಿ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು.

"ಈರಣ್ಣಾ, ಆ ಹುಡುಗಿಗೆ ಅನಬ್ಯಾಡ. ನನಗ ಕೇಳು. ಒಂದs ಒಂದು ಗುಳಿಗಿ ತಪ್ಪಿಲ್ಲ. ನನ್ನ ಕೈಯಾರೆ ಹಾಲು ಕೊಟ್ಟು ನುಂಗಿಸೀನಿ. ವಾಟಗ ಬರಿದಾಗೂತನಕ ನಿಂತೀನಿ. ನಾ ಸುಳ್ಳು ಹೇಳ್ತೀನೇನು?"

ತಾಯಿ ಸುಳ್ಳು ಹೇಳುತ್ತಾಳೆ ಅಂತ ಅಪ್ಪ ಹೇಗೆ ಅಂದಾರು? ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು. "ಸಂಕ್ರಾಂತಿತನಕ ನೋಡೂನು. ಆಮ್ಯಾಲೆ ಹೆಸರು ತಗಸೂದs" ಅಂದು ಕಾಲು ತೊಳೆಯಲು ಹೋದರು.

ಅಂದು ಅಕ್ಕನ ಕಾಲೇಜು ಉಳಿದದ್ದು ಆ ಒಂದು ಸಾಕ್ಷಿಯ ಮೇಲೆ. ಈಗ ಅನಘಾಳ ಮಾತು ಕೇಳಿದ ಮೇಲೆ ಅದರ ಇನ್ನೊಂದು ಮಗ್ಗುಲು ಕಾಣುತ್ತಿದೆ. ಅಜ್ಜಿ ಹೇಳಿದ ಸಾಕ್ಷಿಯಲ್ಲೇ ಔಷಧ ಸೋತ ಕಾರಣವೂ ಇತ್ತು. ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನದು ತಾನಾಗಿಯೇ ಆಯಿತು. ಕಾಮಠಿಯಲ್ಲಿ ನಮ್ಮ ಅತ್ತೆಗೆ ಹೆರಿಗೆ. ಬಾಣಂತನಕ್ಕೆ ಅಂತ ಅಜ್ಜಿ ಟಾಂಗಾ ಹತ್ತಿದಳು. ಹತ್ತುವ ಮೊದಲು ಅವ್ವನಿಗೆ ಸಿಪ್ಪೆ ಪುಡಿಯ ಡಬ್ಬಿ ಒಪ್ಪಿಸಿ, "ದಿನಾ ಹಚ್ಚು. ಹಾಲು ಮರೀಬ್ಯಾಡ" ಅಂತ ತಾಕೀತು ಮಾಡಿದಳು.

ಅವ್ವ ಎರಡನ್ನೂ ಮರೆತಳು. ಮರೆತಳು ಅನ್ನುವುದಕ್ಕಿಂತ, ಅವಳಿಗೆ ಪುರಸೊತ್ತಿರಲಿಲ್ಲ. ಅಜ್ಜಿಯ ಕೆಲಸವೂ ಅವಳ ತಲೆಯ ಮೇಲೆಯೇ ಬಿದ್ದಿತ್ತು. ಅಕ್ಕ ಗಡಿಗೆಯ ನೀರು ತುಂಬಿಕೊಂಡು ಗುಳಿಗೆ ನುಂಗತೊಡಗಿದಳು. ಮೊದಲ ವಾರ ಅವಳ ಹೊಟ್ಟೆ ತೊಳಸಿತು. ಅನ್ನ ಬೇಡ, ಸಾರು ಬೇಡ. "ಅಜ್ಜಿ ಹೇಳಿದ್ದು ಖರೆ ನೋಡು, ಹಾಲಿಲ್ಲದ ಉಷ್ಣ ಆಗೇತಿ" ಅಂತ ಅವ್ವ ಅರ್ಧ ರೊಟ್ಟಿ ತಿನ್ನಿಸಿ ಗುಳಿಗೆ ಕೊಡಲು ಶುರುಮಾಡಿದಳು. ಹೊಟ್ಟೆ ತಣ್ಣಗಾಯಿತು.

ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಅಕ್ಕ ಮಗ್ಗುಲಾಗಿ ಮಲಗಿದ್ದಾಳೆ. ಗಲ್ಲ ದಿಂಬಿನ ಮೇಲಿದೆ. ಗೊರಕೆ ಬೇರೆ.

ಹೊಸ ಮೊಡವೆ ಏಳುವುದು ನಿಂತಿತ್ತು. ಹಳೆಯವು ಬಾಡುತ್ತಿದ್ದವು. ಟವೆಲ್ ಕನ್ನಡಿ ಬಿಟ್ಟು ಹಗ್ಗಕ್ಕೆ ಬಂತು. ಕಲೆಗಳು ಇದ್ದವು, ಆದರೆ ಕಲೆಗೆ ನೋವಿಲ್ಲವಲ್ಲ.

ಅಜ್ಜಿ ಸಂಕ್ರಾಂತಿಗೆ ಮುಂಚೆ ಬಂದಳು. ಟಾಂಗಾದಿಂದ ಇಳಿದವಳು ಅಕ್ಕನ ಗದ್ದ ಹಿಡಿದು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಸೀದಾ ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ನೋಡಿದಳು. ಡಬ್ಬಿ ಖಾಲಿ.

"ಹೇಳಿದ್ದೆನಿಲ್ಲ?" ಅಂದಳು. "ಸಿಪ್ಪಿ ಬಿಡಂಗಿಲ್ಲ. ಒಳಗ ಹಾಲು, ಹೊರಗ ಸಿಪ್ಪಿ."

ಅವ್ವ ನೆಲ ನೋಡಿದಳು. (ಹಿತ್ತಾಳೆಯ ಚರಿಗೆ ತಿಕ್ಕಲು ಸಿಪ್ಪೆ ಪುಡಿಯಂಥ ವಸ್ತು ಇನ್ನೊಂದಿಲ್ಲ. ನಮ್ಮ ಚರಿಗೆಗಳು ಆ ತಿಂಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು.) ಅಕ್ಕ ಮಾತ್ರ ನೆಟ್ಟಗೆ ನೋಡಿ, "ಹೌದಜ್ಜಿ, ನಿನ್ನ ಸಿಪ್ಪೀನ" ಅಂದಳು.

ಸಂಕ್ರಾಂತಿಯ ಮಾರನೆಯ ದಿನ ಅಕ್ಕ ಕಾಲೇಜಿಗೆ ಹೋದಳು. ಸೈಕಲ್ ಸ್ಟ್ಯಾಂಡಿನಲ್ಲಿ ಯಾವನೋ ಒಬ್ಬ ರೂಢಿಯಿಂದ ಸಂತ್ರಾ ಅಂದನಂತೆ. ಇವಳು ನಿಂತು, "ಸಂತ್ರಾ ಬಾಜಾರಾತ್ ಮಿಳತೋ, ಇಥೇ ಕಾಲೇಜ್ ಆಹೇ" ಅಂದಳಂತೆ. ಅದು ಸಿಗೋದು ಸಂತೆಯಲ್ಲಿ, ಇದು ಕಾಲೇಜು ಅಂತ. ಆ ಹುಡುಗ ಬೆಲ್ ಬಾರಿಸಲಿಲ್ಲ. ಅಕ್ಕ ಮುಂದೆ ಟೀಚರಾಗಿ ಅರ್ಧ ನಾಗಪುರದ ಮಕ್ಕಳಿಗೆ ವಿಜ್ಞಾನ ಕಲಿಸಿದಳು.

ಇಷ್ಟು ನೆನಪಾದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಫೋನ್ ಹಚ್ಚಿದೆ. ಅಕ್ಕ ಈಗ ಬೆಳಗಾವಿಯಲ್ಲಿ ಮಗನ ಹತ್ತಿರ ಇದ್ದಾಳೆ. ಕಿವಿ ಸ್ವಲ್ಪ ದೂರ, ನಾಲಗೆ ಮೊದಲಿನಷ್ಟೇ ಹತ್ತಿರ.

"ಅಕ್ಕಾ, ಆಗ ನಿನ್ನ ಮೊಡವಿ ಯಾಕ ಹೋಗಲಿಲ್ಲ ಗೊತ್ತೇನು? ಹಾಲು. ಅಜ್ಜಿ ಕೊಟ್ಟ ಹಾಲು."

"ಈಗ ಗೊತ್ತಾತೇನು ನಿನಗ?" ಅಂದಳು.

"ಅಂದ್ರ ನಿನಗ ಗೊತ್ತಿತ್ತು?"

"ಟೀಚರಾದ ಮ್ಯಾಲೆ ಒಮ್ಮೆ ಜಡ್ಡು ಬಿದ್ದಾಗ ಅದs ಗುಳಿಗಿ ಕೊಟ್ರು. ಹಾಲು ತಗೋಬ್ಯಾಡ್ರಿ ಅಂತ ಆವಾಗ ಹೇಳಿದ್ರು. ಅಜ್ಜಿ ಇನ್ನೂ ಇದ್ಲು. ಮನಿಗೆ ಬಂದು ಆಕಿ ಮುಂದ ಹೇಳಿ ನಗಬೇಕು ಅಂತ ಓಡಿ ಬಂದೆ. ಬಂದು ನೋಡಿದ್ರ, ಪಡಸಾಲಿಯೊಳಗ ಬಾಜೂ ಮನಿ ಹುಡುಗೀನ್ನ ಕುಂಡ್ರಿಸಿಕೊಂಡಾಳ. ಆ ಹುಡುಗಿಗೂ ಮೊಡವಿ, ಅದs ಗುಳಿಗಿ. ಅಜ್ಜಿ ಹಾಲು ಆರಿಸ್ಲಿಕ್ಕತ್ತಿದ್ಲು. ನಮ್ಮ ಸರೂಗ ಹಿಂಗs ಆರಾಮಾತು ಅಂತ ಹೇಳ್ಲಿಕ್ಕತ್ತಿದ್ಲು."

"ನೀ ಏನು ಮಾಡಿದಿ?"

"ಆ ಹುಡುಗೀನ್ನ ಹಿತ್ತಲಿಗೆ ಕರಕೊಂಡು ಹೋಗಿ ಹೇಳಿದೆ. ಗುಳಿಗಿ ಮನಿಯಾಗ ನೀರಿನಾಗ ನುಂಗು. ಹಾಲು ಎರಡು ತಾಸು ಬಿಟ್ಟು ಇಲ್ಲಿ ಬಂದು ಕುಡಿ. ಆದ್ರ ಅಜ್ಜಿ ಮುಂದs ಕುಡಿ."

"ಅಜ್ಜಿಗೆ ಹೇಳಲಿಲ್ಲ?"

"ಅಪ್ಪ ನನ್ನ ನಂಬದಿದ್ದ ದಿನಾ ಹಿಟ್ಟಿನ ಕೈಲೆ ಬಂದು ನನ್ನ ಪರ ನಿಂತಾಕಿಗೆ ಏನಂತ ಹೇಳಬೇಕಿತ್ತು? ನೀ ಕೆಡಿಸಿದಿ ಅಂತ?"

ಅಕ್ಕ ವಿಜ್ಞಾನದ ಟೀಚರು. ಮಕ್ಕಳ ಉತ್ತರದಲ್ಲಿ ಒಂದು ಅಕ್ಷರ ತಪ್ಪಿದರೂ ಬಿಟ್ಟವಳಲ್ಲ. ಅಜ್ಜಿಯ ತಪ್ಪನ್ನು ಮಾತ್ರ ಅಜ್ಜಿ ಸಾಯುವತನಕ ತಿದ್ದಲಿಲ್ಲ.

ನೀವಾಗಿದ್ದರೆ ಹೇಳುತ್ತಿದ್ದಿರಾ?